ಭಾನುವಾರ ಮಾತ್ರ ಮೊಟ್ಟೆ

ಆಗಸ್ಟ್ 9

ಅತ್ತಿಗೆ,

ನಿಮ್ಮ ಆರು ಮಹಾರಾಣಿಯರು ಲಾರಿಯಿಂದ ಇಳಿದು ಇವತ್ತಿಗೆ ಏಳು ದಿನ. ಮೊಟ್ಟೆ ಎಷ್ಟು ಇಟ್ಟಿವೆ ಕೇಳಿ. ಒಂದೂ ಇಲ್ಲ! ನನಗಂತೂ ಶಾಕ್ ಹೊಡೆದ ಹಾಗಾಗಿದೆ. "ದಿನಕ್ಕೆ ನಾಲ್ಕು ಖಂಡಿತ, ಮನಸ್ಸು ಬಂದರೆ ಐದು" ಅಂತ ಬರೆದಿದ್ದು ನೀವೇ ತಾನೆ? ಆ ಮಾತು ನಂಬಿಕೊಂಡು ನಾನು ಹೊಲಿಗೆಯವರ ಹತ್ತಿರವೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಈಗ ಗುಂಡಿ ಹಾಕೋ ಹೆಂಗಸು ಬೆಳಿಗ್ಗೆ ಮುಖ ಕಂಡ ತಕ್ಷಣ ಕೇಳೋದೇ "ಏನ್ರೀ, ಇಟ್ಟಿತಾ?" ಅಂತ. ಎಲ್ಲರೂ ಕತ್ತರಿ ಕೆಳಗಿಟ್ಟು ನನ್ನ ಉತ್ತರಕ್ಕೆ ಕಾಯ್ತಾರೆ.

ಎಂಟಕ್ಕೆ ಯೂನಿಫಾರ್ಮ್ ಹೊಲಿಯೋಕೆ ಹೋದರೆ ನಾನು ಮನೆ ಸೇರೋದು ಐದೂವರೆಗೆ. ಬಂದವಳು ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ಓಡ್ತೀನಿ. ಆರೂ ಸಾಲಾಗಿ ನಿಂತು ನನ್ನನ್ನೇ ದಿಟ್ಟಿಸ್ತವೆ, ಮೊಟ್ಟೆ ಇಡಬೇಕಾದವಳು ನಾನೇ ಅನ್ನೋ ಹಾಗೆ.

ಅದಿರಲಿ, ಅಣ್ಣ ಯಾಕೆ ಒಂದು ಅಕ್ಷರ ಬರೆದಿಲ್ಲ? ಮುಂಚೆ ನಿಮ್ಮ ಕಾಗದದ ಕೊನೆಗೆ ಎರಡು ಸಾಲಾದ್ರೂ ಗೀಚೋನು. ಪ್ರಾಣದ ಹಾಗೆ ಸಾಕಿದ ಕೋಳಿಗಳನ್ನ ನನಗೆ ಕಳಿಸಿಕೊಟ್ಟು "ಹುಷಾರು" ಅಂತ ಕೂಡ ಹೇಳಲಿಲ್ಲ ಅಂದ್ರೆ ಆಶ್ಚರ್ಯ. ಕ್ರೇನಿನ ಮೇಲೆ ಹತ್ತಿ ಕೂತವನಿಗೆ ಕೆಳಗಿರೋ ತಂಗಿ ಕಾಣಲ್ವಂತಾ? ಕೇಳಿ ಬರೆಯಿರಿ.

ಫೋನ್ ಮಾಡೋಣ ಅಂದ್ರೆ ಅಂಗಡಿಗೆ ಹೋಗಬೇಕು. ಅಷ್ಟು ಜನರ ಮಧ್ಯೆ ನಿಂತು "ಮೊಟ್ಟೆ ಇಡ್ತಿಲ್ಲಾ" ಅಂತ ಕೂಗೋಕೆ ನಾಚಿಕೆ.

ನಿಮ್ಮ ನಾದಿನಿ

*

ಆಗಸ್ಟ್ 14

ಗಿಣಿ,

ನಿನ್ನ ಕಾಗದ ಓದಿ ನಕ್ಕೆ. ತುಂಬಾ ದಿನ ಆಗಿತ್ತು ನಕ್ಕು.

ಅಲ್ಲ ಕಣೇ, ಎರಡು ದಿನ ಲಾರಿಯಲ್ಲಿ ಕುಲುಕಾಡಿಕೊಂಡು ಬಂದಿವೆ. ಹೊಸ ಜಾಗ, ಹೊಸ ನೀರು, ಹೊಸ ಯಜಮಾನಿ. ನಿನ್ನನ್ನೇ ಬುಟ್ಟಿಯಲ್ಲಿ ಹಾಕಿ ಯಾರ ಮನೆಗೋ ಕಳಿಸಿದ್ರೆ ಮಾರನೇ ದಿನ ಮೆಷಿನ್ ಮುಂದೆ ಕೂತು ಅಂಗಿ ಹೊಲೀತಿದ್ಯಾ? ಹೆದರಿದ ಕೋಳಿ ಮೊಟ್ಟೆ ಹಿಡಿದಿಟ್ಟುಕೊಳ್ಳುತ್ತೆ. ಎರಡು ವಾರ, ಕೆಲವಕ್ಕೆ ಮೂರು ವಾರ ಬೇಕು. ಕೋಳಿ ಕೇಳಿ ಖಾರ ಅರೀತಾರಾ ಅನ್ನೋದು ತಿನ್ನೋರ ಮಾತು. ಸಾಕೋರು ಎಲ್ಲವನ್ನೂ ಕೋಳಿಯನ್ನ ಕೇಳಿಯೇ ಮಾಡಬೇಕು.

ಏನು ಹಾಕ್ತಿದ್ದೀಯ? ಒಣಗಿದ ಬ್ರೆಡ್ಡು ಹಾಕಿ ಕೈ ತೊಳ್ಕೊಂಡರೆ ಆಗಲ್ಲ. ಕಾಳು ಬೇಕು, ಸೊಪ್ಪು ಬೇಕು, ಕಪ್ಪೆಚಿಪ್ಪಿನ ಪುಡಿ ಬೇಕು. ಇಲ್ಲದಿದ್ದರೆ ಮೊಟ್ಟೆ ಚಿಪ್ಪಿಗೆ ಸುಣ್ಣ ಎಲ್ಲಿಂದ ತರಬೇಕು ಅವು? ಮತ್ತೆ ಬೆಳಕು. ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು ಕಣ್ಣಿಗೆ ಬಿದ್ದರೇನೇ ಅವಕ್ಕೆ ಇಡೋ ಬುದ್ಧಿ ಬರೋದು. ಗೂಡು ಆ ಬಡಗಿ ಶೆಡ್ಡಿನ ನೆರಳಲ್ಲಿದ್ದರೆ ಈಚೆಗೆ ಎಳೆದು ಹಾಕು. ಗಳಿಗೆಗೊಂದು ಸಲ ಇಣುಕಬೇಡ.

ಶೆಡ್ಡನ್ನ ಸೈಕಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟೆ ಅಂತ ಹೋದ ಸಲ ಬರೆದಿದ್ದೆ. ಓದಿ ಸಮಾಧಾನ ಆಯ್ತು. ನಿನ್ನವರು ಹೋಗಿ ಮೂರು ವರ್ಷ ಆ ಬಾಗಿಲು ಮುಚ್ಚಿಟ್ಟು ಕೂತಿದ್ದೆಯಲ್ಲ, ಸದ್ಯ. ಅವನಿಗೆ ಜೋರಾಗಿ ಬಡೀಬೇಡ ಅಂತ ಹೇಳು, ಕೋಳಿ ಬೆದರುತ್ತವೆ.

ನಿಮ್ಮಣ್ಣ ಚೆನ್ನಾಗಿದ್ದಾರೆ. ಕೆಲಸ ಜಾಸ್ತಿ, ಅಷ್ಟೆ.

ಅತ್ತಿಗೆ

*

ಆಗಸ್ಟ್ 23

ಅತ್ತಿಗೆ,

ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟ ಆದರೆ ಬೈಬೇಡಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಒಳಗೆಲ್ಲ ಗರಿ! ಹಾಸಿಗೆ ಹರಿದು ಕೊಡವಿದ ಹಾಗೆ. ನಾಯಿ ನುಗ್ಗಿ ಎಲ್ಲವನ್ನೂ ಮುಗಿಸಿದೆ ಅಂದುಕೊಂಡೆ. ಎಣಿಸಿದರೆ ಆರೂ ಇವೆ. ಆದರೆ ಆ ಕಂದು ಕೋಳಿ, ಅಯ್ಯೋ ಅತ್ತಿಗೆ, ಕುತ್ತಿಗೆಯಿಂದ ಬೆನ್ನಿನವರೆಗೆ ಬರೀ ಚರ್ಮ! ಸ್ನಾನದ ಮನೆಯಿಂದ ಟವೆಲ್ ಬಿಟ್ಟು ಓಡಿಬಂದವರ ಹಾಗೆ ನಿಂತಿತ್ತು. ಏನು ರೋಗ ಇದು?

ನೀವು ಹೇಳಿದ್ದೆಲ್ಲ ಮಾಡಿದ್ದೀನಿ. ಚಿಪ್ಪಿನ ಪುಡಿ ತಂದೆ, ಗೂಡು ಬಿಸಿಲಿಗೆ ಎಳೆದೆ. ಸೈಕಲ್‌ನವನಿಗೆ ಹೇಳಿದ್ದೀನಿ, ಮೆತ್ತಗೆ ಬಡೀತಾನೆ. ನೀರಿನ ಬಟ್ಟಲು ಮಾತ್ರ ಯಾವಾಗ ನೋಡಿದ್ರೂ ತುಂಬಿಯೇ ಇರುತ್ತೆ. ನಾನು ಹಾಕೋದು ಮರೆತ ದಿನ ಕೂಡ. ಇವು ನೀರನ್ನೂ ಕುಡೀತಿಲ್ಲ ಅಂತ ಕಾಣುತ್ತೆ.

ಇನ್ನೂ ವಿಚಿತ್ರ ಕೇಳಿ. ಪಕ್ಕದ ಮನೆ ಟೀಚರಮ್ಮ ಜ್ವರ ಅಂತ ಎರಡು ದಿನ ರಜೆ ಹಾಕಿದ್ದರು. ಹನ್ನೊಂದು ಗಂಟೆಗೆ ಸರಿಯಾಗಿ ನಿಮ್ಮ ಕೋಳಿಗಳು ಕೊಕ್ಕೊಕ್ಕೋ ಅಂತ ಬೀದಿಯೆಲ್ಲ ಕಿತ್ತುಹೋಗೋ ಹಾಗೆ ಕೂಗ್ತವೆ ಅಂದರು. ಮೊಟ್ಟೆ ಇಟ್ಟ ಕೋಳಿ ತಾನೆ ಹಾಗೆ ಸಾರೋದು? ಇಡದೇನೇ ಸಾರ್ತಿವೆಯಾ? ಮಾಡದ ಕೆಲಸಕ್ಕೆ ಡಂಗುರ ಹೊಡೆಯೋದು ನಮ್ಮ ಮೇಸ್ತ್ರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಮನಸ್ಸಲ್ಲಿ ಇಟ್ಟುಕೊಳ್ಳೋ ಬದಲು ಕೇಳಿಬಿಡ್ತೀನಿ. ಮುದಿ ಕೋಳಿಗಳನ್ನ ನನ್ನ ತಲೆಗೆ ಕಟ್ಟಿದ್ದೀರಾ? ಹೌದು ಅಂದ್ರೂ ಬೇಜಾರಿಲ್ಲ. ಸುಳ್ಳು ಹೇಳಿದ್ದೀರಿ ಅಂದ್ರೆ ಬೇಜಾರು.

ಅಣ್ಣ ಎಲ್ಲಿ? ಈ ಸಲವೂ ಅವನ ಗೀಚು ಇಲ್ಲ.

ನಿಮ್ಮ ನಾದಿನಿ

*

ಆಗಸ್ಟ್ 28

ಗಿಣಿ,

ಮುದಿ ಕೋಳಿಯಂತೆ! ಹದಿನಾಲ್ಕು ತಿಂಗಳ ಕೋಳಿಗಳು ಕಣೇ ಅವು. ಮೊಟ್ಟೆಯೊಡೆದು ಬಂದ ದಿನದಿಂದ ಮಡಿಲಲ್ಲಿ ಇಟ್ಟುಕೊಂಡು ಸಾಕಿದ್ದು. ನನ್ನ ಬಾಯಿಗೆ ಬಂದದ್ದನ್ನ ಬರೆದರೆ ಈ ಕಾಗದ ಅಂಚೆಯವರು ತಗೊಳ್ಳಲ್ಲ.

ಗರಿ ಉದುರಿದ್ದು ರೋಗ ಅಲ್ಲ. ಹಳೇ ಗರಿ ಬಿಟ್ಟು ಹೊಸದು ಹಾಕ್ತಿದೆ. ಆ ಎರಡು ತಿಂಗಳು ತಿಂದದ್ದೆಲ್ಲ ಗರಿಗೆ ಹೋಗುತ್ತೆ, ಮೊಟ್ಟೆಗೆ ಉಳಿಯಲ್ಲ. ಕಂದು ಕೋಳಿಯನ್ನ ಲೆಕ್ಕದಿಂದ ಬಿಡು. ಮಿಕ್ಕ ಐದನ್ನ ನೀನೇ ಪರೀಕ್ಷೆ ಮಾಡು. ಕೋಳಿಯನ್ನ ಕಂಕುಳಲ್ಲಿ ಅವುಚಿಕೊಂಡು ಬಾಲದ ಕೆಳಗೆ ಕೈ ಇಡು. ಎರಡು ಸಣ್ಣ ಮೂಳೆ ಸಿಗುತ್ತೆ. ಆ ಎರಡರ ಮಧ್ಯೆ ಮೂರು ಬೆರಳು ಹಿಡಿದರೆ ಅದು ಮೊಟ್ಟೆ ಇಡ್ತಾ ಇರೋ ಕೋಳಿ, ಒಂದೇ ಬೆರಳಾದರೆ ಇಡ್ತಿಲ್ಲ. ತಲೆ ಮೇಲಿನ ಜುಟ್ಟು ಕೆಂಪಗಿದೆಯಾ ನೋಡು. ಆಮೇಲೆ ನನ್ನ ಹತ್ತಿರ ಮಾತಾಡು.

ಮೂರು ಬೆರಳು ಹಿಡಿದೂ ಮೊಟ್ಟೆ ಸಿಗದಿದ್ದರೆ ಹಿತ್ತಲ ಮೂಲೆ ಮೂಲೆ ಹುಡುಕು. ಕದ್ದು ಇಡೋ ಕೋಳಿಗಳಿರುತ್ತವೆ. ತಮ್ಮ ಮೊಟ್ಟೆ ತಾವೇ ಕುಕ್ಕಿ ತಿನ್ನೋ ಕೆಟ್ಟ ಚಾಳಿಯವೂ ಇರುತ್ತವೆ. ಮುಂಗುಸಿ, ಇಲಿ, ಕಾಗೆ ಯಾರು ಕದ್ದರೂ ಒಂದು ಚೂರು ಚಿಪ್ಪು ಉಳಿಯುತ್ತೆ. ಚಿಪ್ಪೂ ಇಲ್ಲ ಅಂದ್ರೆ ಅದು ಎರಡು ಕಾಲಿನ ಕಳ್ಳ. ಆ ಸೈಕಲ್‌ನವನ ಮೇಲೆ ಒಂದು ಕಣ್ಣಿಡು.

ನಿಮ್ಮಣ್ಣ ನಿನ್ನನ್ನ ಕೇಳಿದ್ರು ಅಂತ ಬರೆಯೋಕೆ ಹೇಳಿದ್ದಾರೆ.

ಅತ್ತಿಗೆ

*

ಸೆಪ್ಟೆಂಬರ್ 3

ಅತ್ತಿಗೆ,

ಇದನ್ನ ಒಬ್ಬರೇ ಇದ್ದಾಗ ಓದಿ. ಅಣ್ಣನಿಗೂ ತೋರಿಸಬೇಡಿ, ನನಗೆ ಹುಚ್ಚು ಅಂತಾನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ. ಮೊನ್ನೆ ಭಾನುವಾರ ಐದು ಕೋಳಿಯನ್ನೂ ಹಿಡಿದು ನೋಡಿದೆ. ಬೆರಳಿನ ಲೆಕ್ಕ ನನಗೆ ನಂಬಿಕೆ ಇಲ್ಲ, ಟೇಪು ಹಿಡಿದೇ ಅಳೆದೆ. ಎರಡು ಇಂಚು, ಎರಡು, ಎರಡೂಕಾಲು, ಎರಡು, ಮತ್ತೆ ಎರಡು. ಸೊಂಟದ ಅಳತೆ ಬರೆದುಕೊಂಡಿದ್ದೀನಿ, ಬೇಕಾದರೆ ಲಂಗ ಹೊಲಿದುಕೊಡ್ತೀನಿ. ಜುಟ್ಟು ಕೆಂಪೋ ಕೆಂಪು. ನಿಮ್ಮ ಮೇಲೆ ಅನುಮಾನ ಪಟ್ಟಿದ್ದಕ್ಕೆ ಕಾಲಿಗೆ ಬೀಳ್ತೀನಿ.

ಅಳೆದು ಮುಗಿಸಿ ಒಂದು ಗಂಟೆ ಆಗಿಲ್ಲ, ನನ್ನ ಕಣ್ಣೆದುರೇ ಒಂದು ಹೋಗಿ ಗೂಡಲ್ಲಿ ಕೂತಿತು. ಮಧ್ಯಾಹ್ನದೊಳಗೆ ನಾಲ್ಕು ಮೊಟ್ಟೆ! ಅದರ ಹಿಂದಿನ ಭಾನುವಾರವೂ ಮೂರು ಸಿಕ್ಕಿತ್ತು. ಆದರೆ ಸೋಮವಾರದಿಂದ ಶನಿವಾರದವರೆಗೆ ಏನೂ ಇಲ್ಲ. ಲೋಕಕ್ಕೆಲ್ಲ ಭಾನುವಾರ ರಜೆ, ಇವು ಭಾನುವಾರ ಮಾತ್ರ ಕೆಲಸ ಮಾಡ್ತವೆ. ಕ್ಯಾಲೆಂಡರ್ ನೋಡೋ ಕೋಳಿ ಎಲ್ಲಾದ್ರೂ ಉಂಟಾ? ಒಂದು ಚೂರು ಚಿಪ್ಪೂ ಇಲ್ಲ, ಹಿತ್ತಲೆಲ್ಲ ಹುಡುಕಿದ್ದೀನಿ.

ಇವತ್ತು ಮಂಗಳವಾರ. ಸಂಜೆ ಬಂದು ಗೂಡಿಗೆ ಕೈ ಹಾಕಿದೆ. ಒಂದು ಮೊಟ್ಟೆ ಸಿಕ್ಕಿತು. ಎತ್ತಿ ನೋಡಿದರೆ ಅದರ ಮೇಲೆ ಗುರುತು ಇದೆ! ಕೆಂಪು ಪೆನ್ಸಿಲಲ್ಲಿ ದುಂಡಗೆ ಒಂದು ಸುತ್ತು, ಸುತ್ತಿನ ಒಳಗೆ ಕೂಡಿಸೋ ಲೆಕ್ಕದ ಚಿಹ್ನೆ. ಮೊಟ್ಟೆ ಕೆಳಗೆ ಬೀಳದಿದ್ದದ್ದೇ ಹೆಚ್ಚು.

ಅತ್ತಿಗೆ, ಅದು ನಮ್ಮ ಮನೆಯವರ ಪೆನ್ಸಿಲ್. ಬಡಗಿಗಳ ದಪ್ಪ ಕೆಂಪು ಪೆನ್ಸಿಲ್. ಮರದಲ್ಲಿ ಎಲ್ಲಿ ತೂತು ಕೊರೀಬೇಕೋ ಅಲ್ಲಿ ಅವರು ಹಾಕ್ತಿದ್ದ ಗುರುತೂ ಇದೇ. ಹದಿನೆಂಟು ವರ್ಷ ನೋಡಿದ್ದೀನಿ, ನನಗೆ ಗೊತ್ತಾಗಲ್ವಾ? ಸತ್ತವರು ಬರಲ್ಲ ಅಂತ ನನಗೂ ಗೊತ್ತು. ಆದರೆ ನೀರು ತುಂಬಿಸೋದು ಯಾರು? ನಾನು ಮನೆಯಲ್ಲಿರೋ ದಿನ ಮಾತ್ರ ಸುಮ್ಮನಿರೋದು ಯಾರು? ಹೆದರಿಕೆ ಆಗ್ತಿಲ್ಲ. ಬಂದಿದ್ದರೆ ಬಂದಿರಲಿ ಅನ್ನಿಸ್ತಿದೆ.

ಮೊಟ್ಟೆಯನ್ನ ಅಲ್ಲೇ ವಾಪಸ್ ಇಟ್ಟಿದ್ದೀನಿ. ಏನು ಮಾಡಲಿ ಹೇಳಿ.

ನಿಮ್ಮ ನಾದಿನಿ

*

ಸೆಪ್ಟೆಂಬರ್ 7

ಗಿಣಿ,

ಕೂತುಕೊಂಡು ಓದು.

ನನ್ನನ್ನ ಕ್ಷಮಿಸು ಮಗಳೇ. ಅದು ನಿನ್ನವರಲ್ಲ. ನನ್ನವರು.

ಕ್ರೇನಿನವರು ಭಾರ ಎತ್ತೋ ಮುಂಚೆ ಅದರ ತೂಕದ ನಡುಮಧ್ಯ ಎಲ್ಲಿದೆ ಅಂತ ನೋಡಿ, ಕೊಕ್ಕೆ ನೇರವಾಗಿ ಅಲ್ಲಿಗೆ ಬರಲಿ ಅಂತ ಹೀಗೇ ಒಂದು ಸುತ್ತು, ಒಳಗೊಂದು ಕೂಡಿಸೋ ಚಿಹ್ನೆ ಹಾಕ್ತಾರೆ. ನಮ್ಮನೆಯಲ್ಲಿ ಗೂಡಿನಿಂದ ಎಲ್ಲಾ ಮೊಟ್ಟೆ ತೆಗೆಯೋ ಪದ್ಧತಿ ಇಲ್ಲ. ಒಂದು ಬಿಡ್ತೀವಿ. ಪೂರ್ತಿ ಖಾಲಿಯಾದರೆ ಕೋಳಿ ಬೇರೆ ಕಡೆ ಹೋಗಿ ಇಡುತ್ತೆ. ಬಿಟ್ಟ ಮೊಟ್ಟೆ ಹಳೇದು ಅಂತ ಗೊತ್ತಾಗೋಕೆ ನಿಮ್ಮಣ್ಣ ಅದರ ಮೇಲೆ ತಮಾಷೆಗೆ ಕ್ರೇನಿನ ಗುರುತು ಹಾಕ್ತಿದ್ದರು. ಇಡೀ ಲೋಕದಲ್ಲಿ ಮೊಟ್ಟೆ ಮೇಲೆ ಆ ಗುರುತು ಹಾಕೋ ಮನುಷ್ಯ ಇನ್ನೊಬ್ಬನಿಲ್ಲ.

ನಿಮ್ಮಣ್ಣ ಮನೆ ಬಿಟ್ಟು ಹೋಗಿ ಇವತ್ತಿಗೆ ಐವತ್ತೇಳು ದಿನ. ಚೆನ್ನಾಗಿದ್ದಾರೆ, ಕೆಲಸ ಜಾಸ್ತಿ, ನಿನ್ನನ್ನ ಕೇಳಿದ್ರು, ಅಂತ ನಾನು ಬರೆದಿದ್ದೆಲ್ಲ ಸುಳ್ಳು. ಬದುಕಿದ್ದಾರೋ ಇಲ್ಲವೋ ಅನ್ನೋದೇ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಅಡುಗೆಮನೆ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಒಲೆ ಮೇಲಿನ ಹಾಲು ಉಕ್ಕಿ ಒಲೆಯೇ ಆರಿಹೋಗಿತ್ತು.

ಜುಲೈ ಹನ್ನೆರಡು. ಬೆಳಿಗ್ಗೆ ಹನ್ನೊಂದಕ್ಕೆ ಅವರು ಇಳಿಸ್ತಿದ್ದ ಕಬ್ಬಿಣದ ತೊಲೆ ಜಾರಿತು. ಕೆಳಗೆ ನಿಂತು ಕೈಸನ್ನೆ ಮಾಡ್ತಿದ್ದವನು ಅವರ ಜೋಡಿ, ಆ ಗಡ್ಡದವನು. ನೀನು ನೋಡಿದ್ದೀಯ, ನಮ್ಮನೆಗೆ ಬಂದರೆ ಮೂರು ಲೋಟ ಚಹಾ ಕುಡಿಯೋನು. ಅವನ ಬಲಗೈಯ ಮೂರು ಬೆರಳು ಹೋಯ್ತು. ನಿಮ್ಮಣ್ಣ ಯಾರಿಗೂ ಹೇಳದೆ ಮನೆಗೆ ಬಂದು ಸ್ನಾನದ ಮನೆ ಬಾಗಿಲು ಹಾಕಿಕೊಂಡರು. ಹಿಂದೆಯೇ ಬೀದಿಯವರು ಬಂದು ನಿನ್ನ ಗಂಡ ಹೀಗೆ ಮಾಡಿದ ಅಂದರು. ನನ್ನ ಬಾಯಿ ನಿನಗೆ ಗೊತ್ತಲ್ಲ. ಬಾಗಿಲು ಗುದ್ದಿ ಗುದ್ದಿ ಹೇಳಿದೆ, "ಎಲ್ಲಾದ್ರೂ ಹಾಳಾಗಿ ಹೋಗಿ, ಇನ್ನು ನನ್ನ ಕಣ್ಣೆದುರು ಇರಬೇಡಿ" ಅಂತ. ಹೇಳಿ ಆಸ್ಪತ್ರೆಗೆ ಓಡಿದೆ. ವಾಪಸ್ ಬಂದಾಗ ಅವರಿರಲಿಲ್ಲ. ಹೋಗಿ ಅಂದೆ, ಹೋದರು.

ಯಾರಿಗೆ ಅಂತ ಹೇಳಲಿ ಇದನ್ನ? ಅವರ ತಂಗಿಗೆ ಬರೀಲಾ? ಠಾಣೆಯಲ್ಲಿ ಹೇಳಿದೆ, ಗಂಡಸರು ಹೀಗೆಲ್ಲ ಹೋಗಿ ಬರ್ತಾರೆ ಅಂದರು. ಕೋಳಿಗಳು ಬೆಳಗಾದರೆ ಅವರನ್ನ ಹುಡುಕಿಕೊಂಡು ಬಾಗಿಲಿಗೆ ಬಂದು ನಿಲ್ತಿದ್ದವು. ನೋಡೋಕೆ ಆಗದೆ ನಿನಗೆ ಕಳಿಸಿದೆ. ನಿನಗೆ ಇಷ್ಟ ಅಂತ ಕಳಿಸಿದ್ದಲ್ಲ.

ಗಡ್ಡದವನು ಪ್ರತಿ ಸೋಮವಾರ ಬಂದು ಕೇಳ್ತಾನೆ, ಬಂದ್ನಾ ಅಂತ. ಅವನಿಗೆ ಕೋಪ ಇಲ್ಲ. ಅವನ ಮುಖ ನೋಡೋಕೆ ನನಗೆ ಆಗಲ್ಲ.

ಆ ಸೈಕಲ್‌ನವನನ್ನ ಕೇಳು, ಯಾರನ್ನಾದ್ರೂ ನೋಡಿದ್ದಾನಾ ಅಂತ. ಕೂಗಾಡಬೇಡ, ಜನ ಸೇರಿಸಬೇಡ, ಹೆದರಿ ಇನ್ನೂ ದೂರ ಹೋಗಿಬಿಟ್ಟರೆ? ಒಂದು ತಟ್ಟೆಯಲ್ಲಿ ಏನಾದ್ರೂ ತಿನ್ನೋಕೆ ಇಡು. ಆ ಗುರುತು ಕೈ ಅಭ್ಯಾಸಕ್ಕೆ ಹಾಕಿದ್ದೋ, ಇಲ್ಲಾ ನನಗೆ ಬರೆದ ಕಾಗದವೋ, ನಿನ್ನ ಕಾಗದ ಬಂದಾಗಿನಿಂದ ಅದೊಂದನ್ನೇ ಯೋಚನೆ ಮಾಡ್ತಿದ್ದೀನಿ.

ಅತ್ತಿಗೆ

*

ಸೆಪ್ಟೆಂಬರ್ 11

ಅತ್ತಿಗೆ,

ಸಿಕ್ಕಿದ. ಬದುಕಿದ್ದಾನೆ. ಈಗ ನನ್ನ ಅಡುಗೆಮನೆಯಲ್ಲಿ ಕೂತು ಎರಡನೇ ಲೋಟ ಚಹಾ ಕುಡೀತಿದ್ದಾನೆ. ಇದನ್ನ ಮೊದಲು ಓದಿಕೊಳ್ಳಿ, ಬೈಗುಳ ಆಮೇಲೆ.

ಈಗ ಬೈಗುಳ. ನನ್ನ ಒಡಹುಟ್ಟಿದವನು ಕಾಣೆಯಾಗಿ ಎರಡು ತಿಂಗಳು, ನೀವು ನನಗೆ ಕಪ್ಪೆಚಿಪ್ಪಿನ ಪುಡಿ ಬಗ್ಗೆ ಬರೀತಿದ್ದೀರಾ! ಕೋಳಿ ಸೊಂಟ ಮುಟ್ಟಿ ನೋಡು ಅಂತೀರಾ! ನನಗೆ ಬಂದ ಸಿಟ್ಟಿಗೆ ನೀವು ಎದುರಿಗಿದ್ದಿದ್ದರೆ ಏನಾಗ್ತಿತ್ತೋ.

ಆದರೆ ನನ್ನ ಬಾಯಿ ಮುಚ್ಚಿಸೋಕೆ ನನ್ನ ಸುಳ್ಳೇ ಸಾಕು. ಸೈಕಲ್ ರಿಪೇರಿಯವನು ಅಂತ ಯಾರೂ ಇಲ್ಲ ಅತ್ತಿಗೆ. ಶೆಡ್ಡು ಬಾಡಿಗೆಗೆ ಕೊಡು, ಸಾಮಾನು ಹಂಚು ಅಂತ ನೀವು ಪ್ರತಿ ಕಾಗದದಲ್ಲೂ ಬರೆದು ಬರೆದು, ನಿಮ್ಮ ಕಾಟ ತಪ್ಪಲಿ ಅಂತ ಅವನನ್ನ ನಾನೇ ಹುಟ್ಟಿಸಿದೆ. ಅವರು ಹೋದ ದಿನದಿಂದ ಆ ಬಾಗಿಲು ನಾನು ಮುಟ್ಟಿಲ್ಲ. ಬಟ್ಟೆ ಒಣಹಾಕುವಾಗ ಕೂಡ ಆ ಕಡೆ ಮುಖ ಮಾಡಲ್ಲ. ಹಿಂಬದಿ ಓಣಿಯ ಕಡೆ ಅದಕ್ಕೊಂದು ಬಾಗಿಲಿದೆ, ಅದರ ಕೀಲಿ ಅಣ್ಣನ ಹತ್ತಿರ ಇರೋದೂ ನನಗೆ ಮರೆತೇಹೋಗಿತ್ತು. ನಮ್ಮ ಮನೆಯವರ ಜೊತೆ ಮೇಜು ಕುರ್ಚಿ ಮಾಡೋಕೆ ಬರ್ತಿದ್ದನಲ್ಲ, ಆಗಿನದು.

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಹೊಲಿಗೆಯವರ ಹತ್ತಿರವೇ ಬಂತು. ಇಸ್ತ್ರಿ ಮೇಜಿನ ಪಕ್ಕ ನಿಂತು ಓದಿದೆ. ಕೂತುಕೊಂಡು ಓದು ಅಂದಿದ್ರಿ, ಎರಡನೇ ಸಾಲಿಗೆ ನೆಲದ ಮೇಲೆ ಕೂತಾಗಿತ್ತು. ಗುಂಡಿ ಹಾಕೋ ಹೆಂಗಸು ನೀರು ಕುಡಿಸಿದಳು. ಕುತ್ತಿಗೆಯಲ್ಲಿದ್ದ ಟೇಪು ಕೂಡ ತೆಗೆಯದೆ ಮನೆಗೆ ಓಡಿದೆ.

ಎರಡು ಗಂಟೆ ಸುಡು ಬಿಸಿಲು. ಪಕ್ಕದ ಸಂದಿಯಿಂದ ಸದ್ದಿಲ್ಲದೆ ಹಿತ್ತಲಿಗೆ ಬಂದೆ. ಅಣ್ಣ ಕುಕ್ಕರಗಾಲಲ್ಲಿ ಕೂತು ನೀರಿನ ಬಟ್ಟಲು ತಿಕ್ಕಿ ತೊಳೀತಿದ್ದ. ಆ ಕಂದು ಕೋಳಿ ಅವನ ಹೆಗಲ ಮೇಲಿತ್ತು. ನನ್ನನ್ನ ಕಂಡದ್ದೇ ತಡ, ಬಟ್ಟಲು ಬಿಸಾಕಿ ಶೆಡ್ಡಿನೊಳಗೆ ಓಡಿ ಅಗಳಿ ಹಾಕಿಕೊಂಡ. ಕಾಲು ಕಡ್ಡಿಯ ಹಾಗೆ ಬಡಕಲು, ಮುಖದ ತುಂಬ ಗಡ್ಡ. ಅವನು ಅಣ್ಣ ಅಂತ ಓಡೋ ರೀತಿಯಿಂದ ಗೊತ್ತಾಯ್ತು.

ಮೂರು ವರ್ಷ ಮುಟ್ಟದ ಬಾಗಿಲು ನಾನು ಎರಡೂ ಕೈಯಲ್ಲಿ ಬಡಿದೆ. ನಿಮ್ಮ ಹತ್ತಿರ ಮುಚ್ಚಿಡಲ್ಲ ಅತ್ತಿಗೆ. ಒಳಗಿರೋದು ಅಣ್ಣ ಅಂತ ಕಣ್ಣಾರೆ ನೋಡಿಯೂ, ಬಡೀತಾ ಬಡೀತಾ ಇನ್ನೊಂದು ದನಿ ಕೇಳಲಿ ಅಂತ ಆಸೆಪಟ್ಟೆ. ಅಲ್ಲೇ ನಿಂತು ಜೋರಾಗಿ ಅತ್ತೆ. ಅಣ್ಣ ಸಿಕ್ಕಿದ್ದಕ್ಕೆ ಅಂತ ಅವನು ಅಂದುಕೊಂಡಿರಬೇಕು.

ಅವನು ತೆಗೆಯಲಿಲ್ಲ. ಕೊನೆಗೆ ನನ್ನ ತಾಳ್ಮೆ ಕೆಟ್ಟು ಬೈದೆ. "ನೀನು ಇಲ್ಲಿ ತಂಗಿ ಮನೆ ಮೊಟ್ಟೆ ಕದ್ದು ತಿಂದುಕೊಂಡು ಕೂತಿರು, ಅಲ್ಲಿ ಆ ಗಡ್ಡದವನು ವಾರ ವಾರ ನಿಮ್ಮ ಬಾಗಿಲಿಗೆ ಬಂದು ನಿನ್ನನ್ನ ಕೇಳ್ತಿದ್ದಾನೆ!" ಅಂದೆ.

ಒಳಗೆ ಏನೋ ದಢಾರ್ ಅಂತ ಬಿತ್ತು. ಅಗಳಿ ಸರಿಯಿತು.

"ಯಾರು ಬರ್ತಿದ್ದಾನೆ?" ಅಂದ.

"ಇನ್ಯಾರು, ನಿನ್ನ ಜೋಡಿ."

"ಅವನು ಸತ್ತಿದ್ದಾನೆ," ಅಂದ.

ಅತ್ತಿಗೆ, ಈ ಮನುಷ್ಯ ಅರವತ್ತು ದಿನ ತಾನೊಬ್ಬ ಕೊಲೆಗಾರ ಅಂದುಕೊಂಡು ಕತ್ತಲಲ್ಲಿ ಕೂತಿದ್ದಾನೆ! ಕ್ರೇನಿನ ಮೇಲಿಂದ ನೋಡುವಾಗ ಗಡ್ಡದವನು ಅಲ್ಲಾಡದೆ ಬಿದ್ದಿದ್ದನಂತೆ, ರಕ್ತ ಹರೀತಿತ್ತಂತೆ, ಯಾರೋ ಬಿಳಿ ಬಟ್ಟೆ ತಂದು ಮುಖದ ಮೇಲೆ ಎಳೆದರಂತೆ. ಬಿಸಿಲು ಕಣ್ಣಿಗೆ ಬೀಳದಿರಲಿ ಅಂತ ಹಾಕಿರ್ತಾರೆ ಅಷ್ಟೆ. ಇವನು ಕೆಳಗಿಳಿದು ನೋಡಲೇ ಇಲ್ಲ. ಯಾರನ್ನೂ ಕೇಳಲಿಲ್ಲ. ನಮ್ಮಣ್ಣ ಯಾವತ್ತು ತಾನೆ ಕೇಳಿದ್ದಾನೆ!

"ಬದುಕಿದ್ದಾನೆ, ಮೂರು ಬೆರಳು ಹೋಗಿದೆ," ಅಂದೆ. ಕೋಳಿ ಹಿಕ್ಕೆಯ ಮೇಲೇ ಕೂತುಬಿಟ್ಟ. "ಯಾವ ಮೂರು?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಆಮೇಲೆ ಅಳು ಶುರುವಾಯ್ತು. ಅಂಥ ಅಳು ನಾನು ಗಂಡಸರಲ್ಲಿ ನೋಡಿಲ್ಲ.

ಯಾಕೋ ಇಲ್ಲಿಗೆ ಬಂದೆ ಅಂದೆ. ನನ್ನ ಹತ್ತಿರ ಕೀಲಿ ಇದ್ದದ್ದು ಇದೊಂದೇ ಬಾಗಿಲಿಗೆ ಅಂದ. ಕೈಯಲ್ಲಿದ್ದ ದುಡ್ಡಿಗೆ ಬನ್ನು ತಿಂದುಕೊಂಡಿದ್ದನಂತೆ. ಅದು ಮುಗಿಯೋ ಹೊತ್ತಿಗೆ ಬುಟ್ಟಿಯಲ್ಲಿ ಅವನ ಕೋಳಿಗಳೇ ಬಂದು ಇಳಿದಾಗ, ನಿಮಗೆ ಎಲ್ಲಾ ಗೊತ್ತಾಗಿ ಕಳಿಸಿದ್ದೀರಿ ಅಂದುಕೊಂಡು ಮೂರು ದಿನ ಹೊರಗೇ ಬರಲಿಲ್ಲವಂತೆ. ಆಮೇಲೆ ಹಸಿವು ತಡೆಯಲಿಲ್ಲ. ಮರದ ಅಂಟು ಕಾಯಿಸೋ ಡಬ್ಬಿಯಲ್ಲಿ ಮೊಟ್ಟೆ ಬೇಯಿಸಿಕೊಂಡು ತಿಂದಿದ್ದಾನೆ, ಅಸಹ್ಯ! ಮೊಟ್ಟೆ ಮೇಲೆ ಗುರುತು ಯಾಕೆ ಹಾಕಿದೆ ಅಂತ ಕೇಳಿದೆ. "ಯಾವ ಗುರುತು?" ಅಂದ. ತೋರಿಸಿದೆ. ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ, ಗೊತ್ತಿಲ್ಲ ಅಂದ.

ಈಗ ಮುಖ್ಯ ವಿಷಯ. ನೀವು ಬಾಗಿಲ ಹೊರಗೆ ನಿಂತು ಹೇಳಿದ ಮಾತು ಅವನಿಗೆ ಕೇಳಿಸಿಯೇ ಇಲ್ಲ. ಎರಡು ನಲ್ಲಿಯೂ ಬಿಟ್ಟುಕೊಂಡು ತಲೆಯನ್ನ ನೀರಿನ ಕೆಳಗೆ ಇಟ್ಟಿದ್ದನಂತೆ. ನೀವು ಬಾಗಿಲು ಗುದ್ದಿದ್ದು ಮಾತ್ರ ಗೊತ್ತಾಯ್ತಂತೆ. ನಿಮ್ಮ ಮಾತಿಗೆ ಅವನು ಹೋಗಿದ್ದಲ್ಲ ಅತ್ತಿಗೆ.

ಆದರೆ ನಾನು ಬಾಯಿಬಡಕಿ, "ಅತ್ತಿಗೆ ಹಾಗಂದಿದ್ದಕ್ಕೆ ನೀನು ಹೋದೆ ಅಂತ ಅವರು ಕೊರಗ್ತಿದ್ದಾರೆ" ಅಂದುಬಿಟ್ಟೆ. ಈಗ ನಿನ್ನೆಯಿಂದ ಒಂದೇ ಸಮನೆ ಕೇಳ್ತಿದ್ದಾನೆ, ಏನಂದಳು, ಏನಂದಳು ಅಂತ. ನನಗೆ ಗೊತ್ತಿಲ್ಲ ಅಂದಿದ್ದೀನಿ, ನಂಬಿಲ್ಲ. ಏನಂತ ಹೇಳಲಿ? "ಊಟಕ್ಕೆ ಬನ್ನಿ ಅಂದಿದ್ದರಂತೆ" ಅಂತ ಹೇಳಿಬಿಡಲಾ? ನಮ್ಮಿಬ್ಬರನ್ನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀವು ಹೂಂ ಅಂದ್ರೆ ಅದೇ ನಿಜ ಆಗುತ್ತೆ.

ನಿಮ್ಮ ನಾದಿನಿ

*

ಸೆಪ್ಟೆಂಬರ್ 15

ಗಿಣಿ,

ಕೇಳಿಸಲೇ ಇಲ್ವಂತಾ?

ಆ ಸಾಲನ್ನ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಪಾತ್ರೆ ತೊಳೆಯುವಾಗ ಅದೇ ಮಾತು, ಬಸ್ಸಲ್ಲಿ ಕೂತರೆ ಅದೇ ಮಾತು, ಅರವತ್ತು ದಿನ ನನ್ನ ದನಿಯಲ್ಲೇ ನನಗೆ ಕೇಳಿಸ್ತಿತ್ತು. ಕೊನೆಗೆ ನೋಡಿದರೆ ಅದನ್ನ ಕೇಳಿಸಿಕೊಂಡವಳು ನಾನೊಬ್ಬಳೇ.

ಗಡ್ಡದವನಿಗೆ ಹೇಳಿದೆ. "ನನ್ನನ್ನ ಸಾಯಿಸಿಯೇ ಬಿಟ್ಟಿದ್ನಾ ಆ ಪೆದ್ದ?" ಅಂತ ಹೊಸ್ತಿಲ ಮೇಲೆ ಕೂತು ನಕ್ಕ. ನಗ್ತಾ ನಗ್ತಾ ಇದ್ದವನು ಮುಖ ಆ ಕಡೆ ತಿರುಗಿಸಿಕೊಂಡ. ಹೋದದ್ದು ಉಂಗುರದ ಬೆರಳು, ನಡುಬೆರಳು, ಕಿರುಬೆರಳು. ಹೆಬ್ಬೆಟ್ಟು, ತೋರುಬೆರಳು ಇವೆ, ಲೋಟ ಹಿಡಿಯೋಕೆ ಸಾಕು ಅಂತಾನೆ. ಇದನ್ನ ನಿಮ್ಮಣ್ಣನಿಗೆ ಹೇಳು, ಅವರು ಕೇಳಿದ್ದಾರಲ್ಲ.

ಊಟಕ್ಕೆ ಬನ್ನಿ ಅಂದಿದ್ದೆ ಅಂತ ಹೇಳು ಅಂತ ಒಂದು ಸಲ ಬರೆದೂಬಿಟ್ಟೆ, ಬೇರೆ ಹಾಳೆಯಲ್ಲಿ. ಹರಿದು ಹಾಕಿದೆ. ಬೇಡ ಗಿಣಿ. ಚೆನ್ನಾಗಿದ್ದಾರೆ ಅಂತ ನಾನು, ಸೈಕಲ್‌ನವನು ಅಂತ ನೀನು, ಸತ್ತೇಹೋದ ಅಂತ ಅವರು. ನಾವು ಮೂವರೂ ಇಷ್ಟು ದಿನ ಬೇಕಾದಷ್ಟು ಆಡಿದ್ದೀವಿ. ಅವರು ಕೇಳಿಸಿಕೊಳ್ಳದಿದ್ದರೂ ನಾನು ಅಂದಿದ್ದು ನಿಜ. ಆ ಹೊತ್ತಿಗೆ ಮನಸ್ಸಿನಿಂದಲೇ ಅಂದಿದ್ದೆ. ಅದನ್ನ ಬಚ್ಚಿಟ್ಟುಕೊಂಡು ಅವರ ಎದುರು ಚಹಾ ಲೋಟ ಇಡೋಕೆ ನನ್ನಿಂದಾಗಲ್ಲ. ನಿನ್ನ ಬಾಯಿಂದ ಕೇಳೋದೂ ಬೇಡ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿರ್ತೀನಿ. ಗಡ್ಡದವನೂ ಬರ್ತಾನೆ, ಬೇಡ ಅಂದರೂ ಕೇಳಲಿಲ್ಲ. ನಾನು ಬರ್ತೀನಿ ಅಂತ ಹೇಳು, ಏನು ಹೇಳೋಕೆ ಬರ್ತೀನಿ ಅಂತ ಹೇಳಬೇಡ. ಈ ಸಲ ನಲ್ಲಿ ನಿಲ್ಲಿಸಿ, ಎದುರಿಗೆ ಕೂರಿಸಿಕೊಂಡು, ಆ ಮಾತನ್ನ ಅಕ್ಷರ ಬಿಡದ ಹಾಗೆ ಹೇಳ್ತೀನಿ. ಕೇಳಿದ ಮೇಲೂ ಮನೆಗೆ ಬರ್ತೀನಿ ಅಂದ್ರೆ ಕರ್ಕೊಂಡು ಬರ್ತೀನಿ. ಬರಲ್ಲ ಅಂದ್ರೆ ಅದು ಅವರ ನ್ಯಾಯ.

ಅವರು ಯೋಚನೆ ಮಾಡೋ ಅಷ್ಟು ಹೊತ್ತು ಮಾತ್ರ, ನೀನು ಸ್ವಲ್ಪ ಹಿಂಬದಿ ಬಾಗಿಲಿಗೆ ಅಡ್ಡ ನಿಂತಿರು.

ಅತ್ತಿಗೆ